ಸೇತುವೆಯ ಮೇಲಿನ ಹಾರ್ನ್

ಬೆಳಗಿನ ಹತ್ತೂವರೆಯ ಹೊತ್ತಿಗೆ ಯಂತ್ರಸ್ಮೃತಿ ಒಂದು ಹಳೆಯ ಕೀಲಿಮಣೆಯನ್ನು ಓದಲು ಶುರುಮಾಡಿತ್ತು. ಗಾಜಿನ ಪೆಟ್ಟಿಗೆಯೊಳಗೆ ಕೂದಲಿನಷ್ಟು ತೆಳ್ಳಗಿನ ಆರು ಸೂಜಿಗಳು ಒಂದೊಂದೇ ಕೀಲಿಯನ್ನು ಒತ್ತಿ ನೋಡುತ್ತಿದ್ದವು. ಅದು ಎಷ್ಟು ಆಳಕ್ಕೆ ಇಳಿಯುತ್ತದೆ, ಎಷ್ಟು ತಡವಾಗಿ ಮೇಲೇಳುತ್ತದೆ, ಅದರ ಸಂದೇಶ ತಂತಿಯಲ್ಲಿ ಎಷ್ಟು ದೂರ ಹೋಗಿ ಎಲ್ಲಿ ಕ್ಷೀಣಿಸುತ್ತದೆ ಎಂಬುದೆಲ್ಲ ದಾಖಲಾಗುತ್ತಿತ್ತು. ಎರಡು ಕೀಲಿಗಳ ಸಂದಿಯಲ್ಲಿ ಗಿರ್ಮಿಟ್‌ನ ಒಂದು ಚುರುಮುರಿ ಕಾಳು ಸಿಕ್ಕಿತು. ಐವತ್ತಮೂರು ವರ್ಷ ಹಳೆಯದು. ಯಂತ್ರ ಅದನ್ನು ಕಸವೆಂದು ತೆಗೆಯದೆ, ಅದರ ಜಾಗ ಮತ್ತು ಗಾತ್ರವನ್ನೂ ಬರೆದುಕೊಂಡಿತು.

ಪೆಟ್ಟಿಗೆಯ ಈಚೆಗೆ ಎಂಬತ್ತು ವರ್ಷದ ನಾಗೇಂದ್ರಸಾ ಹಬೀಬ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಆಸ್ಪತ್ರೆಯಲ್ಲಿ ಹೆಂಡತಿಯ ಸ್ಕ್ಯಾನಿಂಗ್ ಮುಗಿಯುವುದನ್ನು ಕಾಯುವ ಗಂಡನ ಮುಖ ಅವರದು. ಆ ಕೀಲಿಮಣೆ, ಅದರ ಜೊತೆಗಿನ ಕಂಪ್ಯೂಟರ್ ಡಬ್ಬಿ ಎರಡೂ ಅವರವೇ. ಬೆಟಗೇರಿಯಲ್ಲಿ ಅವರು ಒಂದು ಕಾಲಕ್ಕೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು.

ಇದು ಎರಡು ಸಾವಿರದ ಅರವತ್ತೊಂದನೆಯ ಇಸವಿ. ಗದಗದ ಆಟಗಳ ಗ್ರಂಥಾಲಯದಲ್ಲಿ ಯಂತ್ರಸ್ಮೃತಿಯನ್ನು ತಂದಿಟ್ಟು ಆರು ತಿಂಗಳಾಗಿತ್ತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಡಾ. ವೈಜಯಂತಿ ಹುಯಿಲಗೋಳ ಅದೇ ಊರಿನವರು. ತಮ್ಮ ಯಂತ್ರ ತಮ್ಮ ಊರಿನ ಜನಕ್ಕೆ ಮೊದಲು ಸಿಗಬೇಕೆಂದು ಹಟ ಮಾಡಿ ಇಲ್ಲಿಗೆ ಬಂದಿದ್ದರು. ಹಟ ಮಾಡುವುದರಲ್ಲಿ ಆ ಊರಿನವರು ಯಾರಿಗೂ ಕಡಿಮೆಯಲ್ಲ. ಈ ಕಥೆಯೂ ಅಂಥ ಒಂದು ಹಟದಿಂದಲೇ ಹುಟ್ಟಿದ್ದು.

ಹಳೆಯ ಆಟಗಳನ್ನು ಹೊಸ ಕಂಪ್ಯೂಟರಿನಲ್ಲಿ ಆಡುವುದು ಆಗ ಹೊಸ ವಿಷಯವೇನೂ ಆಗಿರಲಿಲ್ಲ. ‘ಬಯಲು’ ಎಂಬ ಮುಕ್ತ ಕಾರ್ಯವ್ಯವಸ್ಥೆ ಎಲ್ಲ ಗ್ರಂಥಾಲಯಗಳಲ್ಲೂ ಇತ್ತು. ಅದು ಯಾರ ಸ್ವತ್ತೂ ಅಲ್ಲ. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಎಲ್ಲರಿಗೂ ಕೊಡಬೇಕು. ಅದರಲ್ಲಿ ‘ದುಭಾಷಿ ಪದರ’ ಎಂಬುದೊಂದಿತ್ತು. ಹಳೆಯ ಆಟವೊಂದು ತನ್ನ ಕಾಲದ ಯಂತ್ರಕ್ಕೆ ಹೇಳುತ್ತಿದ್ದ ಮಾತನ್ನು ಅದು ಹೊಸ ಯಂತ್ರಕ್ಕೆ ತಿಳಿಯುವಂತೆ ಹೇಳುತ್ತಿತ್ತು. ಹೀಗಾಗಿ ಒಂದೇ ಕೋಣೆಯಲ್ಲಿ ಮಕ್ಕಳು ಬರಿಗೈ ಆಡಿಸುತ್ತ ನಿನ್ನೆ ಬಂದ ಆಟ ಆಡಿದರೆ, ಪಕ್ಕದಲ್ಲೇ ಅವರ ಮುತ್ತಜ್ಜನ ಕಾಲದ ಆಟವೂ ಓಡುತ್ತಿತ್ತು. ಆದರೆ ಮುದುಕರು ಬಂದು ಎರಡು ನಿಮಿಷ ಆಡಿ, ಚಲೋ ಐತಿ ಆದ್ರ ಇದು ನಮ್ಮ ಆಟ ಅಲ್ಲ, ಎಂದು ಎದ್ದು ಹೋಗುತ್ತಿದ್ದರು.

ಅವರ ದೂರು ಸುಳ್ಳಲ್ಲ ಎಂಬುದು ವೈಜಯಂತಿಯವರಿಗೆ ನಿಧಾನವಾಗಿ ಹೊಳೆಯಿತು. ದುಭಾಷಿ ಪದರ ಒಂದು ಮಾದರಿಯ ಯಂತ್ರವನ್ನು ಅನುಕರಿಸುತ್ತಿತ್ತು. ಆದರೆ ಜನ ಆಡಿದ್ದು ಮಾದರಿಯ ಮೇಲಲ್ಲ, ತಮ್ಮ ಓಣಿಯ ಅಂಗಡಿಯ ಮೂರನೆಯ ಮೇಜಿನ ಮೇಲಿದ್ದ, ಮಧ್ಯಾಹ್ನವಾದರೆ ಬಿಸಿಯೇರಿ ನಿಧಾನವಾಗುತ್ತಿದ್ದ ಆ ಒಂದು ಯಂತ್ರದ ಮೇಲೆ. ಯಂತ್ರಸ್ಮೃತಿ ಮಾಡುವುದು ಇದನ್ನೇ. ಸತ್ತ ಯಂತ್ರವೊಂದರ ಧೂಳು, ಸವೆತ, ದೌರ್ಬಲ್ಯ ಎಲ್ಲವನ್ನೂ ಓದಿ, ಬಯಲು ವ್ಯವಸ್ಥೆಯೊಳಗೆ ಆ ಯಂತ್ರವನ್ನೇ ಮತ್ತೆ ಕಟ್ಟುತ್ತದೆ. ಕೈಗೆ ಬರುವುದು ಹೊಸ ಕೀಲಿಮಣೆಯೇ, ಆದರೆ ನಡವಳಿಕೆಯೆಲ್ಲ ಹಳೆಯದರದು.

ಸಾಮಾನ್ಯವಾಗಿ ಜನ ನೆನಪಿಗೆಂದು ಬರುತ್ತಿದ್ದರು. ನಾಗೇಂದ್ರಸಾ ಬಂದದ್ದು ಸಾಕ್ಷಿಗೆಂದು.

ಸಂಗತಿ ಇಷ್ಟು. ಅಂಗಡಿಯಲ್ಲಿ ಅವರಿಗೆ ಒಬ್ಬ ಪಾಲುದಾರನಿದ್ದ, ದಾವಲಸಾಬ ನದಾಫ. ಮೂರನೆಯ ಇಯತ್ತೆಯಿಂದ ಒಂದೇ ಬೆಂಚಿನಲ್ಲಿ ಕೂತವರು. ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಗಿರಾಕಿಗಳ ಮುಂದೆ ಇಬ್ಬರ ನಡುವೆ ಒಂದು ಪಂದ್ಯವಾಯಿತು. ಕಾರು ಓಡಿಸುವ ಆಟ, ಮೂರು ಸುತ್ತು, ಪ್ರತಿ ಸುತ್ತಿಗೂ ಒಂದು ಸೇತುವೆ. ಪರದೆ ಎರಡು ಪಾಲು, ಕೀಲಿಮಣೆ ಮಾತ್ರ ಒಂದೇ. ಎಡಗಡೆಯ ಕೀಲಿಗಳು ನಾಗೇಂದ್ರಸಾನವು, ಬಲಗಡೆಯವು ದಾವಲಸಾಬನವು. ಸೋತವನು ಒಂದು ತಿಂಗಳು ಅಂಗಡಿಯ ಕಸ ಹೊಡೆಯಬೇಕು ಎಂಬುದು ಪಣ. ಮೂರನೆಯ ಸುತ್ತಿನಲ್ಲಿ ಮುಂದಿದ್ದ ನಾಗೇಂದ್ರಸಾನ ಕಾರು ಸೇತುವೆಯ ತಿರುವಿನಲ್ಲಿ ತಿರುಗಲೇ ಇಲ್ಲ. ನೆಟ್ಟಗೆ ಹೋಗಿ ಹೊಳೆಗೆ ಬಿತ್ತು. ದಾವಲಸಾಬ ಮೇಜಿನ ಕೆಳಗೆ ಕಾಲಿನಿಂದ ವೈರ್ ಜಗ್ಗಿದ ಎಂದು ನಾಗೇಂದ್ರಸಾ ಕೂಗಾಡಿದರು, ಇಪ್ಪತ್ತು ಜನರ ಮುಂದೆ ಕಳ್ಳ ಎಂದರು. ದಾವಲಸಾಬ ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿಕೊಂಡು ಹೋದವನು ಮತ್ತೆ ಬರಲಿಲ್ಲ. ಮಳೆಗಾಲಕ್ಕೆ ಅಂಗಡಿ ಮುಚ್ಚಿತು. ಅಂದಿನಿಂದ ಇಬ್ಬರೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ, ಬೇರೆ ಬೇರೆ ಮೇಜಿನಲ್ಲಿ, ಬೇರೆ ಬೇರೆ ಗೋಡೆ ನೋಡುತ್ತ.

ಈಗ ಯಾಕೆ ಇದೆಲ್ಲ, ಎಂದು ವೈಜಯಂತಿ ಕೇಳಿದ್ದರು. ಸಾಯುವುದರೊಳಗೆ ನಾನು ಅಂದದ್ದು ಖರೆಯೋ ಸುಳ್ಳೋ ಗೊತ್ತಾಗಬೇಕು, ಎಂದಿದ್ದರು ಅವರು. ಖರೆ ಎಂದು ಗೊತ್ತಾಗುತ್ತದೆ ಎಂಬ ಭರವಸೆ ಅವರ ದನಿಯಲ್ಲಿತ್ತು.

ವೈಜಯಂತಿ ಮೆಲ್ಲಗೆ ಒಂದು ಪ್ರಶ್ನೆ ಹಾಕಿದರು. “ಅಜ್ಜಾರ, ಕೀಲಿಮಣಿ ಒಂದ ಇತ್ತಲ್ಲರಿ? ವೈರ್ ಜಗ್ಗಿದ್ರ ಅವರ ಗಾಡಿನೂ ನಿಲ್ಲಬೇಕಿತ್ತಲ್ಲ?”

ಐವತ್ತಮೂರು ವರ್ಷ ಪ್ರತಿದಿನ ಆ ಪಂದ್ಯವನ್ನು ಮನಸ್ಸಿನಲ್ಲಿ ಆಡಿದ ನಾಗೇಂದ್ರಸಾ ಅವರಿಗೆ ಈ ಸರಳ ಮಾತು ಒಮ್ಮೆಯೂ ಹೊಳೆದಿರಲಿಲ್ಲ. ಸಿಟ್ಟು ಬಂದಾಗ ಮನುಷ್ಯನಿಗೆ ವೈರ್ ಕಾಣುತ್ತದೆ, ಅದು ಎಲ್ಲಿಗೆ ಹೋಗಿದೆ ಎಂಬುದು ಕಾಣುವುದಿಲ್ಲ. ಕಡೆಗೆ ಅವರು, ಅಂವ ಭಾಳ ಶಾಣ್ಯಾ, ಏನರ ಮಾಡಿರ್ತಾನ, ಎಂದು ಗೊಣಗಿದರು.

ಮಧ್ಯಾಹ್ನದ ಹೊತ್ತಿಗೆ ಓದುವಿಕೆ ಮುಗಿಯಿತು. ಡಬ್ಬಿಯೊಳಗಿನ ಹಾರ್ಡ್ ಡಿಸ್ಕಿನಲ್ಲಿ ಅದೃಷ್ಟವಶಾತ್ ಕೊನೆಯ ಪಂದ್ಯದ ದಾಖಲೆ ಉಳಿದಿತ್ತು. ಯಾವ ಕ್ಷಣದಲ್ಲಿ ಯಾವ ಕೀಲಿಯ ಸಂದೇಶ ಆಟಕ್ಕೆ ತಲುಪಿತು ಎಂಬ ಉದ್ದನೆಯ ಪಟ್ಟಿ ಅದು. ವೈಜಯಂತಿ ಅದನ್ನು ಪರದೆಯ ಮೇಲೆ ಬಿಡಿಸಿದರು. ಮೂರನೆಯ ಸೇತುವೆಯ ಹತ್ತಿರ ದಾವಲಸಾಬನ ಮೂರು ಕೀಲಿಗಳು ಒಟ್ಟಿಗೆ ದಾಖಲಾಗಿದ್ದವು: ವೇಗ, ತಿರುವು, ಹಾರ್ನ್. ನಾಗೇಂದ್ರಸಾನ ವೇಗದ ಕೀಲಿ ಇತ್ತು. ತಿರುವಿನ ಕೀಲಿ ಇರಲಿಲ್ಲ.

“ನಾ ಒತ್ತಿದ್ದೆ,” ಎಂದರು ನಾಗೇಂದ್ರಸಾ. “ದೇವರಾಣಿ ಒತ್ತಿದ್ದೆ.”

ಒತ್ತಿದ್ದರೂ ಅದು ಆಟಕ್ಕೆ ತಲುಪುತ್ತಿರಲಿಲ್ಲ ಎಂದು ಯಂತ್ರಸ್ಮೃತಿಯೇ ತೋರಿಸಿತು. ವೈಜಯಂತಿ ವಿವರಿಸಿದರು. ಅಗ್ಗದ ಕೀಲಿಮಣೆಗಳಲ್ಲಿ ಒಂದೊಂದು ಕೀಲಿಗೂ ಬೇರೆ ತಂತಿ ಇರುತ್ತಿರಲಿಲ್ಲ. ಹಲವು ಕೀಲಿಗಳು ಒಂದೇ ತಂತಿಯನ್ನು ಹಂಚಿಕೊಳ್ಳುತ್ತಿದ್ದವು. ಒಂದೇ ನಳದ ಲೈನಿನ ಮೇಲಿನ ನಾಲ್ಕು ಮನೆಯವರು ಒಟ್ಟಿಗೇ ನೀರು ಬಿಟ್ಟುಕೊಂಡರೆ ಕೊನೆಯ ಮನೆಗೆ ಬರುವುದಿಲ್ಲವಲ್ಲ, ಹಾಗೆ. ಬಲಗಡೆಯವನು ಆ ಮೂರು ಕೀಲಿಗಳನ್ನು ಹಿಡಿದಾಗ ಎಡಗಡೆಯವನ ತಿರುವು ಯಂತ್ರಕ್ಕೆ ಕೇಳಿಸುವುದಿಲ್ಲ. ಅಂದರೆ ಯಾರೂ ವೈರ್ ಜಗ್ಗಿಲ್ಲ. ಹಾರ್ನ್ ಬಾರಿಸಿದ್ದಷ್ಟೆ.

ದಾವಲಸಾಬನ ಅಪ್ಪ ಬಸ್ ಡ್ರೈವರ್, ಸೇತುವೆ ಬಂದರೆ ಹಾರ್ನ್ ಬಾರಿಸದೆ ದಾಟಬಾರದು ಎಂದು ಮಗನಿಗೆ ಕಲಿಸಿದ್ದ ಎಂದು ನಾಗೇಂದ್ರಸಾ ಹೇಳಿದರು. ಆಟದಲ್ಲೂ ಅವನು ಪ್ರತಿ ಸೇತುವೆಗೂ ಬಾರಿಸುತ್ತಿದ್ದ, ಗಿರಾಕಿಗಳು ನಗುತ್ತಿದ್ದರು. ತಾನು ಅನ್ಯಾಯ ಮಾಡಿದ್ದೇನೆ ಎಂಬುದು ಎಂಬತ್ತನೆಯ ವಯಸ್ಸಿನಲ್ಲಿ ತಿಳಿದರೆ ಅದು ಸಣ್ಣ ನೋವಲ್ಲ, ತೀರಿಸಲು ಉಳಿದ ದಿನಗಳೇ ಕಡಿಮೆ. ಅವರು ಕಣ್ಣೊರೆಸಿಕೊಂಡು, ಯಂತ್ರಕ್ಕೆ ಎಂಬಂತೆ ಪೆಟ್ಟಿಗೆಗೆ ಕೈಮುಗಿದು ಎದ್ದರು.

ಅಂದು ಸಂಜೆ ಮನೆಗೆ ಹೋಗುವ ಮುಂಚೆ ವೈಜಯಂತಿ ತಮ್ಮ ನಿತ್ಯದ ಕೆಲಸವೊಂದನ್ನು ಮಾಡಿದರು. ಬಯಲು ಬಳಗದಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯಿದೆ. ಕಂಡ ದೋಷವನ್ನು ಮುಚ್ಚಿಟ್ಟುಕೊಳ್ಳಬಾರದು, ಎಲ್ಲರೂ ನೋಡುವ ದೋಷಪಟ್ಟಿಗೆ ಸೇರಿಸಬೇಕು. ಅವರು ಈ ಕೀಲಿಮಣೆಯದನ್ನೂ ಸೇರಿಸಿದರು. ಅದರ ಬಗ್ಗೆ ಎರಡನೆಯ ಸಲ ಯೋಚಿಸಲಿಲ್ಲ.

ಮರುದಿನ ಬೆಳಿಗ್ಗೆ ನಾಗೇಂದ್ರಸಾ ಹೋಟೆಲಿನಲ್ಲಿ ತಮ್ಮ ಮೇಜು ಬಿಟ್ಟು ದಾವಲಸಾಬನ ಮೇಜಿಗೆ ಹೋಗಿ ಕೂತರು. ಸಪ್ಲೈಯರ್ ಚಹಾದ ಲೋಟ ಹಿಡಿದುಕೊಂಡು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತ.

“ವೈರ್ ನೀ ಜಗ್ಗಿರಲಿಲ್ಲ,” ಎಂದರು ನಾಗೇಂದ್ರಸಾ.

“ಇಲ್ಲ.”

“ಮಂದಿ ಮುಂದ ಕಳ್ಳ ಅಂದೆ ನಿನಗ. ತಪ್ಪಾತು ದಾವಲ್.”

ದಾವಲಸಾಬ ಬಸಿಯಲ್ಲಿದ್ದ ಚಹಾ ಪೂರ್ತಿ ಕುಡಿದರು. ಬಸಿ ಕೆಳಗಿಟ್ಟರು.

“ಹಾರ್ನ್ ಹೊಡದ್ರ ನಿನ್ನ ಗಾಡಿ ಹೊರಳೂದಿಲ್ಲ ಅಂತ ನನಗ ಗೊತ್ತಿತ್ತು ನಾಗ್ಯಾ. ಪಂದ್ಯಕ್ಕ ಹದಿನೈದು ದಿನ ಮೊದಲ ಗೊತ್ತಾಗಿತ್ತು.”

ಮೊದಲ ಎರಡು ಸೇತುವೆಗೆ ಬಾರಿಸಿದ್ದು ರೂಢಿಯಿಂದ, ಆಗ ನಾಗೇಂದ್ರಸಾನ ಕಾರು ತಿರುವು ದಾಟಿಯಾಗಿತ್ತು; ಮೂರನೆಯದಕ್ಕೆ ಅದು ತಿರುವಿಗೆ ಬಂದಾಗಲೇ ಬಾರಿಸಿದ್ದು ಸೋಲುತ್ತೇನೆಂಬ ಹೆದರಿಕೆಯಿಂದ, ಎಂದು ದಾವಲಸಾಬ ಹೇಳಿದರು. ಹಾಗಾದರೆ ಅವತ್ತೇ ಯಾಕೆ ಒಪ್ಪಿಕೊಳ್ಳಲಿಲ್ಲ ಎಂದು ನಾಗೇಂದ್ರಸಾ ಕೇಳಿದರು.

“ನೀ ಹಾರ್ನ್ ಅಂದಿದ್ರ ಒಪ್ಪತಿದ್ದೆ. ನೀ ವೈರ್ ಅಂದಿ. ವೈರ್ ನಾ ಮುಟ್ಟಿರಲಿಲ್ಲ.”

ಇದಕ್ಕೆ ಸಿಟ್ಟಾಗಬೇಕೋ ನಗಬೇಕೋ ನಾಗೇಂದ್ರಸಾ ಅವರಿಗೆ ತಿಳಿಯಲಿಲ್ಲ. ಮೊದಲು ಸಿಟ್ಟೇ ಬಂತು. ಒಂದು ವಸ್ತುವಿನ ಹೆಸರು ತಪ್ಪಾಗಿ ಹೇಳಿದ್ದಕ್ಕೆ ಐವತ್ತಮೂರು ವರ್ಷ, ಇಬ್ಬರ ಮದುವೆ, ಮಕ್ಕಳ ಮದುವೆ, ಹೆಂಡಿರ ಸಾವು, ಎಲ್ಲ ಒಬ್ಬರಿಲ್ಲದೆ ಇನ್ನೊಬ್ಬರಿಗೆ ಕಳೆದುಹೋಗಿತ್ತು. ಆಮೇಲೆ ಸಿಟ್ಟು ಇಳಿಯಿತು, ಯಾಕೆಂದರೆ ಎದುರಿಗೆ ಕೂತವನು ಅಷ್ಟೇ ಕಳೆದುಕೊಂಡಿದ್ದ. ಸಪ್ಲೈಯರ್ ಕೊನೆಗೂ ಲೋಟವನ್ನು ಆ ಮೇಜಿನ ಮೇಲೆಯೇ ಇಟ್ಟು ಹೋದ.

ಆ ಮಷಿನ್ ಈಗ ಓಡುತ್ತದೆಯೇ ಎಂದು ದಾವಲಸಾಬ ವಿಚಾರಿಸಿದರು. ಓಡುತ್ತದೆ ಎಂದು ಗೊತ್ತಾದ ಮೇಲೆ ಎದ್ದು ನಿಂತರು. “ನಡಿ. ನಾ ಎಡಕ್ಕ ಕೂಡ್ತೀನಿ. ನೀ ಹಾರ್ನ್ ಹೊಡಿ. ಲೆಕ್ಕ ಚುಕ್ತಾ ಆಗಲಿ.”

ವೈಜಯಂತಿ ಇಬ್ಬರಿಗೂ ಕುರ್ಚಿ ಹಾಕಿಸಿದರು. ಪರದೆ ಎರಡು ಪಾಲಾಯಿತು. ಬರಿಗೈ ಆಡಿಸುತ್ತಿದ್ದ ಮಕ್ಕಳು ತಮ್ಮ ಆಟ ಬಿಟ್ಟು ಹಿಂದೆ ಬಂದು ನಿಂತರು. ಇಷ್ಟು ದಪ್ಪ ದಪ್ಪ ಚುಕ್ಕೆಗಳ ಕಾರನ್ನು ಅವರು ನೋಡಿರಲಿಲ್ಲ. ಮುದುಕರ ಬೆರಳುಗಳು ಮೊದಲ ಸುತ್ತು ತಡವರಿಸಿದವು, ಎರಡನೆಯ ಸುತ್ತಿನಲ್ಲಿ ದಾರಿ ನೆನಪಾಯಿತು. ಮೂರನೆಯ ಸುತ್ತಿನಲ್ಲಿ ದಾವಲಸಾಬ ಒಂದು ಕಾರಿನಷ್ಟು ಮುಂದಿದ್ದರು. ಸೇತುವೆ ಕಂಡಿತು. ನಾಗೇಂದ್ರಸಾ ವೇಗ, ತಿರುವು, ಹಾರ್ನ್ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿದರು. ದಾವಲಸಾಬ ತಿರುವಿನ ಕೀಲಿ ಒತ್ತಿ, ಹೊಳೆಗೆ ಬೀಳಲು ಸಿದ್ಧರಾಗಿ ಕೂತರು.

ಕಾರು ಸಲೀಸಾಗಿ ತಿರುಗಿತು. ಸೇತುವೆ ದಾಟಿತು. ದಾವಲಸಾಬ ಗೆದ್ದರು.

ಹಾರ್ನ್ ಇನ್ನೂ ಕೂಗುತ್ತಲೇ ಇತ್ತು. ನಾಗೇಂದ್ರಸಾ ಬೆರಳು ತೆಗೆಯುವುದನ್ನು ಮರೆತಿದ್ದರು.

ವೈಜಯಂತಿ ಗಾಬರಿಯಿಂದ ದಾಖಲೆ ತೆಗೆದು ನೋಡಿದರು. ಸಮುದ್ರದಾಚೆಯ ಯಾವುದೋ ಊರಿನ ಸ್ವಯಂಸೇವಕಿಯೊಬ್ಬಳು ದೋಷಪಟ್ಟಿಯಲ್ಲಿ ಅವರ ಬರಹ ಓದಿ, ಒಂದೇ ರಾತ್ರಿಯಲ್ಲಿ ದೋಷವನ್ನು ಸರಿಪಡಿಸಿ ಕಳಿಸಿದ್ದಳು. ಬಯಲಿನ ಪದ್ಧತಿಯಂತೆ ಅದು ಬೆಳಗಿನ ಜಾವ ಎಲ್ಲ ಗ್ರಂಥಾಲಯಗಳಿಗೂ ತಲುಪಿತ್ತು. ಜೊತೆಗೊಂದು ಚೀಟಿಯೂ ಇತ್ತು: ಇನ್ನು ಮೇಲೆ ಈ ಕೀಲಿಮಣೆ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತದೆ, ಇಷ್ಟು ವರ್ಷ ಯಾರೂ ಯಾಕೆ ದೂರು ಕೊಡಲಿಲ್ಲ? ದೋಷವನ್ನು ಕಾಪಾಡಲೆಂದೇ ಕಟ್ಟಿದ ಯಂತ್ರದ ದೋಷವನ್ನು, ಉಪಕಾರ ಮಾಡುವ ಉತ್ಸಾಹದಲ್ಲಿ ಯಾರೋ ಗುಣಪಡಿಸಿಬಿಟ್ಟಿದ್ದರು. ಅದಕ್ಕೆ ದಾರಿ ಮಾಡಿಕೊಟ್ಟವರು ಸ್ವತಃ ವೈಜಯಂತಿಯವರೇ.

ಅವರು ನಾಚಿಕೆಯಿಂದ ವಿಷಯ ತಿಳಿಸಿದರು. ಬಯಲಿನಲ್ಲಿ ಹಳೆಯದೇನೂ ಅಳಿಯುವುದಿಲ್ಲ, ಹಳೆಯ ದೋಷವನ್ನು ಒಂದು ನಿಮಿಷದಲ್ಲಿ ಮತ್ತೆ ಹಾಕಬಹುದು ಎಂದರು. ದಾವಲಸಾಬ ಕೂಡಲೇ, ಹಾಕ್ರಿ, ಹಾಕ್ರಿ, ಇನ್ನೊಮ್ಮೆ ಆಡೋಣು, ಎಂದರು. ಅವರ ಮುಖ ಬಾಡಿತ್ತು. ಸೋಲಲೆಂದು ಬಂದವರಿಗೆ ಗೆಲುವು ಹೊರೆಯಾಗಿತ್ತು.

ನಾಗೇಂದ್ರಸಾ ಬೇಡವೆಂದು ಕೈ ಅಲ್ಲಾಡಿಸಿದರು.

“ಹಂಗ ಇರಲಿ ಬಿಡ್ರಿ, ಬಾಯಾರ. ಅವತ್ತ ಯಾರು ಸೋತರೋ ಆ ದೇವರಿಗೇ ಗೊತ್ತು. ಇವತ್ತ ಮಾತ್ರ ನಾ ಖರೇನ ಸೋತೇನಿ.” ಆಮೇಲೆ ಸ್ನೇಹಿತನ ಕಡೆಗೆ ತಿರುಗಿದರು. “ಲೇ ದಾವಲ್, ವೈರ್ ಏನರ ಜಗ್ಗಿದೇನು?”

ದಾವಲಸಾಬ ಮೊದಲು ನಗಲಿಲ್ಲ. ಬಗ್ಗಿ ಮೇಜಿನ ಕೆಳಗೆ ನೋಡಿದರು. ಹೊಸ ಕೀಲಿಮಣೆಗೆ ವೈರೇ ಇರಲಿಲ್ಲ. ಆಗ ಅವರಿಗೆ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಹಿಂದೆ ನಿಂತ ಮಕ್ಕಳಿಗೆ ಏನೂ ತಿಳಿಯದಿದ್ದರೂ ಅವರೂ ನಕ್ಕರು.

ಮರುದಿನ ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ನಾಗೇಂದ್ರಸಾ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಕೈಯಲ್ಲಿ ಮನೆಯಿಂದ ತಂದ ಕಸಬರಿಗೆ. ಗ್ರಂಥಾಲಯದಲ್ಲಿ ಕಸಬರಿಗೆ ಇಲ್ಲವೆಂದು ಹಿಂದಿನ ದಿನವೇ ವಿಚಾರಿಸಿಕೊಂಡಿದ್ದರು. ಅಲ್ಲಿ ನೆಲ ಒರೆಸುವುದು ಎರಡು ಸಣ್ಣ ಯಂತ್ರಗಳ ಕೆಲಸ. ವೈಜಯಂತಿ ಎಷ್ಟು ಬೇಡವೆಂದರೂ ಅವರು ಕೇಳಲಿಲ್ಲ. ಪಣ ಎಂದರೆ ಪಣ, ಒಂದು ತಿಂಗಳು ಅಷ್ಟೇ, ಎಂದರು. ಕಡೆಗೆ ಆ ಯಂತ್ರಗಳನ್ನು ಮೂಲೆಗೆ ನಿಲ್ಲಿಸಬೇಕಾಯಿತು.

ದಾವಲಸಾಬ ಸ್ವಲ್ಪ ತಡವಾಗಿ ಬಂದರು. ಎರಡು ಪೊಟ್ಟಣ ಗಿರ್ಮಿಟ್ ಕಟ್ಟಿಸಿಕೊಂಡು ಬಂದಿದ್ದರು. ಬಲಗಡೆಯ ಕುರ್ಚಿಯಲ್ಲಿ ಕೂತು, ಕಸಬರಿಗೆ ಹತ್ತಿರ ಬಂದಾಗ ಕಾಲೆತ್ತಿಕೊಂಡರು. ಪೊಟ್ಟಣ ಬಿಚ್ಚುತ್ತ ನೆಲದ ಕಡೆ ನೋಡಿದರು.

“ಆ ಮೂಲ್ಯಾಗ ಉಳದೈತಿ ನೋಡು ನಾಗ್ಯಾ,” ಎಂದರು.