ಮೂರು ಗೀರು

ಕಬ್ಬಿಣದ ರಿಂಗು ಛಾವಣಿಯ ತಗಡು ಸೀಳಿ ಅಲ್ಲೇ ಸಿಕ್ಕಿಕೊಂಡಿತ್ತು. ಕೆಳಗೆ, ಲಾರಿ ಚಕ್ರದ ಪಕ್ಕದಲ್ಲಿ, ಗಾಳಿಮೇಷ್ಟ್ರು ಸತ್ತು ಬಿದ್ದಿದ್ದರು. ಮೂವತ್ತು ವರ್ಷ ಟೈರಿಗೆ ಗಾಳಿ ತುಂಬಿದವರು.

ಇನ್‌ಸ್ಪೆಕ್ಟರ್ ಟೋಪಿ ತೆಗೆದರು. ವಾರದಲ್ಲಿ ಇದು ಮೂರನೇ ಹೆಣ. ಎರಡು ರಾತ್ರಿಯಿಂದ ನಿದ್ದೆಯಿಲ್ಲ.

“ಬೋನಿನೊಳಗಿಟ್ಟು ಗಾಳಿ ಹೊಡಿ ಅಂತ ಬಾಯಿ ನೋಯೋವರೆಗೂ ಹೇಳಿದೀನಿ, ಮೇಡಂ. ಕೇಳಬೇಕಲ್ಲ?” ಎಂದ ಅಂಗಡಿ ಮಾಲೀಕ. “ಅವನದೇ ಅಜಾಗರೂಕತೆ ಅಂತ ಬರ್ಕೊಳ್ಳಿ.”

ಹಳೇ ಲಾರಿಯ ಚಕ್ರ ಒಂದೇ ತುಂಡಲ್ಲ. ಟೈರು ಕಳಚದಂತೆ ಅಂಚಿಗೆ ರಿಂಗು ಕೂರಿಸುತ್ತಾರೆ. ಅದು ಬಿರುಕು ಬಿಟ್ಟಿದ್ದರೆ ಗಾಳಿಯ ಒತ್ತಡಕ್ಕೆ ಗುಂಡಿನಂತೆ ಹಾರುತ್ತದೆ. ಅದಕ್ಕೇ ಚಕ್ರವನ್ನು ಕಬ್ಬಿಣದ ಬೋನಿನೊಳಗಿಟ್ಟು ಗಾಳಿ ತುಂಬುವುದು.

ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ಕುಳಿತಿದ್ದಳು.

“ಹಾಗೆ ಬರೀಬೇಡಿ, ಅಕ್ಕಾ. ನಿಮ್ಮಪ್ಪ ತನ್ನ ತಪ್ಪಿಂದ ಸತ್ತ ಅಂತ ನನ್ನ ಮಗಳಿಗೆ ಯಾರೂ ಹೇಳಬಾರದು.”

“ಕುಡೀತಿದ್ರಾ?”

“ನೀರು ಕುಡಿಯೋಕೂ ನಾನೇ ನೆನಪು ಮಾಡ್ಬೇಕಿತ್ತು! ನಾನು ಹಾಕಿದ ಬೀಗಾನೇ ಎರಡು ಸಲ ಎಳೆದು ನೋಡೋ ಮನುಷ್ಯ. ಕೆಟ್ಟ ರಿಂಗಿಗೆ ಅರದಿಂದ ಮೂರು ಗೀರು ಎಳೆದು ಗುಜರಿಗೆ ಎಸೆಯೋರು. ಚಾಕ್ ಅಳಿಸಿಹೋಗುತ್ತೆ, ಗೀರು ಹೋಗಲ್ಲ ಅಂತ.”

*

ರಿಂಗನ್ನು ಇಳಿಸಿದರು. ಬೆಳ್ಳಿ ಬಣ್ಣ, ಮುಟ್ಟಿದರೆ ನುಣುಪು.

“ಹೊಚ್ಚ ಹೊಸದು,” ಎಂದ ಮಾಲೀಕ.

ಇನ್‌ಸ್ಪೆಕ್ಟರ್ ಜೀಪಿನ ಕೀಯಿಂದ ಕೆರೆದರು. ಬಣ್ಣ ಎದ್ದಿತು. ಅದರಡಿ ಗೋಡೆಗೆ ಮೆತ್ತುವ ಬಿಳೀ ಪುಟ್ಟಿ. ಪುಟ್ಟಿಯಡಿ ಮೂರು ಗೀರು. ಪಕ್ಕದಲ್ಲೇ ಹಳೇ ಬಿರುಕು, ಒಳಗೆಲ್ಲ ತುಕ್ಕು.

ಅವರು ಬೋನಿದ್ದ ಮೂಲೆಗೆ ನಡೆದರು. ಬೋನಿಗೆ ಬೀಗ. ಒಳಗೆ ಬಣ್ಣದ ಡಬ್ಬ, ಪುಟ್ಟಿಯ ಚೀಲ, ಮೇಲಿನವರೆಗೂ.

“ಆಫೀಸ್ ರೂಮಿಗೆ ಬಣ್ಣ ಹೊಡಿಸ್ತಿದೀನಿ, ಅದಕ್ಕೆ…”

“ಕೀ?”

ಮಾಲೀಕನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಉಗುರಿನ ಸಂದಿಯಲ್ಲಿ ಬೆಳ್ಳಿ ಬಣ್ಣ.

“ಮೇಷ್ಟ್ರು ತಾವೇ ಗೀರಿ ಎಸೆದ ರಿಂಗನ್ನ ಮತ್ತೆ ಯಾಕೆ ಹಾಕ್ತಾರೆ?” ಇನ್‌ಸ್ಪೆಕ್ಟರ್ ದನಿ ಏರಿಸಲಿಲ್ಲ. ಏರಿಸುವ ಶಕ್ತಿಯೂ ಇರಲಿಲ್ಲ. “ಆ ಗೀರು ಮುಚ್ಚಿದ್ದು ಅವರ ಕಣ್ಣು ತಪ್ಪಿಸೋಕೆ. ಪುಟ್ಟಿ, ಬಣ್ಣ ಎರಡೂ ಈ ಬೋನಿನಲ್ಲಿವೆ. ಬೀಗದ ಕೀ ನಿಮ್ಮ ಹತ್ರ ಇದೆ. ಇನ್ನು ಬೋನಿನೊಳಗೆ ಅವರು ಗಾಳಿ ಹೊಡೆಯೋದು ಹೇಗೆ?”

ಮಾಲೀಕ ಟೈರಿನ ಮೇಲೆ ಕುಸಿದ. “ಲಾರಿಯವನು ತಲೆ ಮೇಲೆ ಕೂತಿದ್ದ. ಈ ಅಳತೆ ರಿಂಗು ಈಗ ಎಲ್ಲೂ ಸಿಗಲ್ಲ. ಒಂದು ಸಲ ತಡ್ಕೊಳ್ಳುತ್ತೆ ಅಂದ್ಕೊಂಡೆ.”

“ರಿಂಗು ಎಲ್ಲಿಂದ ಬಂತು ಅಂತ ಅವರು ಕೇಳ್ಲಿಲ್ವಾ?”

“ಕೇಳಿದ್ರು. ಬೆರಳಾಡಿಸಿ ನೋಡಿದ್ರು. ಹೊಸದು ಅಂದೆ. ನಂಬಿದ್ರು.”

*

ಮಾಲೀಕನನ್ನು ಜೀಪಿಗೆ ಹತ್ತಿಸಿದರು. ಮೇಷ್ಟ್ರ ಹೆಂಡತಿ ರಿಂಗಿನ ಗೀರುಗಳ ಮೇಲೆ ಬೆರಳಿಟ್ಟಳು.

“ಅವರದೇ ಕೈ, ಅಕ್ಕಾ. ಮೂರನೇದು ಯಾವಾಗ್ಲೂ ಸ್ವಲ್ಪ ಉದ್ದ.”

ಇನ್‌ಸ್ಪೆಕ್ಟರ್ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಬರೆದರು. ಬರೆದದ್ದನ್ನು ಓದಿ ಹೇಳಿದರು: “ಮೃತರ ತಪ್ಪಿಲ್ಲ.”

“ಇನ್ನೊಂದ್ ಸಲ ಓದಿ,” ಎಂದಳು ಅವಳು.