ಕಪ್ಪು ಕಳೆದ ಕಡಗ

"ಅಂಕಲ್, ಕಡಗ ಬದಲಾಗಿದೆ. ಇದು ಡೂಪ್ಲಿಕೇಟ್," ಎಂದು ಶಶಾಂಕ್ ಭೂತಗನ್ನಡಿ ಕೆಳಗಿಟ್ಟಾಗ ಸತ್ಯಪ್ರಕಾಶರಿಗೆ ಏನೂ ಅನಿಸಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಇದ್ದೂ ಇಲ್ಲದ ಹಾಗೆ, ಹೆಂಡತಿ ಶಕುಂತಲಾ ತೀರಿಕೊಂಡ ಮೂರು ತಿಂಗಳಿಂದ ಅವರ ಇಡೀ ಜೀವ ಹಾಗೇ ಇತ್ತು. ಹೌದಾ, ಎಂದರು. ಕಾಫಿ ಮಾಡಲೇ, ಎಂದು ಕೇಳಿದರು.

ಶಕುಂತಲಾ ಇಪ್ಪತ್ತು ವರ್ಷ ಮೆಕ್ಸಿಕೋ ದೇಶದ ಹಳೆಯ ಬೆಳ್ಳಿ ಒಡವೆಗಳನ್ನು ಕೂಡಿಟ್ಟವಳು. ಗಂಡ ಪರ್ತ್‌ನಲ್ಲಿ ಗಣಿ ಎಂಜಿನಿಯರಾಗಿದ್ದಾಗ ಹತ್ತಿದ ಹುಚ್ಚು, ಅಡಿಲೇಡ್‌ಗೆ ಬಂದು ಗ್ಲೆನೆಲ್ಗ್‌ನ ಫ್ಲ್ಯಾಟು ಸೇರಿದ ಮೇಲೂ ಬಿಡಲಿಲ್ಲ. ಆ ರಾಶಿಯಲ್ಲಿ ರಾಣಿಯೆಂದರೆ ಈ ಕಡಗ. ಬ್ರಿಸ್ಬೇನ್‌ನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿರುವ ಮಗಳು ತನ್ವಿಯ ಮನೆಗೆ ಹೋದಾಗ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕಿದ್ದು. ಟಾಸ್ಕೊ ಊರಿನ ಅಕ್ಕಸಾಲಿಗ ಎಪ್ಪತ್ತು ವರ್ಷದ ಹಿಂದೆ ಬಡಿದು ಮಾಡಿದ್ದು. ಮೇಲೆ ಬಳ್ಳಿ, ಹಕ್ಕಿ. ಒಳಮೈಯಲ್ಲಿ ಹದ್ದಿನ ಮುದ್ರೆ. ಚಿತ್ರದ ಸಂದುಸಂದಿಗೂ ಕಾಡಿಗೆ ಹಚ್ಚಿದಂಥ ಕಪ್ಪು. ಆ ಕಪ್ಪೇ ಇದರ ವಯಸ್ಸು ಎನ್ನುತ್ತಿದ್ದಳು ಆಕೆ.

ಈಗ ಮೇಜಿನ ಮೇಲಿದ್ದದ್ದು ನಿನ್ನೆ ಅಂಗಡಿಯಿಂದ ತಂದಂತೆ ಬೆಳ್ಳಗೆ ಹೊಳೆಯುತ್ತಿತ್ತು. ಶಶಾಂಕ್ ಪರ್ತ್‌ನವನು, ಇಂಥ ಒಡವೆಗಳನ್ನು ಕೊಳ್ಳುವವನು, ಬಲ್ಲವನು; ಶಕುಂತಲಾಳ ರಾಶಿಗೆ ಬೆಲೆ ಕಟ್ಟಲು ಬಂದಿದ್ದ. ಹತ್ತು ನಿಮಿಷ ಒಳಮೈ ನೋಡಿ ಮುದ್ರೆಯೂ ಹೊಸದು ಎಂದ. ಉಳಿದ ಒಡವೆಗಳನ್ನೆಲ್ಲ ತಾನೇ ಕೊಳ್ಳುವೆ, ಈ ನಕಲಿಯನ್ನೂ ಪುಕ್ಕಟೆ ಸೇರಿಸಿ, ನಾಲ್ಕು ಜನರಿಗೆ ತೋರಿಸಲಿಕ್ಕೆ ಆಗುತ್ತದೆ ಎಂದ. ಹೊರಡುವಾಗ ಬಾಗಿಲಲ್ಲಿ ತಿರುಗಿ, "ಅಂಕಲ್, ಇನ್ನು ಯಾರೂ ಇದನ್ನ ತಿಕ್ಕೋದು ಬೇಡ. ಮೆತ್ತಗಿನ ಬಟ್ಟೇಲಿ ಸುತ್ತಿಡಿ," ಎಂದು ಹೇಳಿಹೋದ.

ಕಡಗ ಮನೆ ಬಿಟ್ಟು ಹೋಗಿದ್ದು ಒಂದೇ ಸಲ. ಶಕುಂತಲಾಳ ಗೆಳತಿ ಸುಪ್ರೀತಾ ಪರ್ತ್‌ನಲ್ಲಿ ತಂಗಿಯ ಮದುವೆಗೆಂದು ಎರವಲು ಒಯ್ದಿದ್ದಳು. ಅಷ್ಟರಲ್ಲಿ ಶಕುಂತಲಾ ಆಸ್ಪತ್ರೆ ಸೇರಿ, ಹಿಂದಿರುಗಲಿಲ್ಲ. ಸತ್ತವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯ ಹಿಂದಿನ ದಿನ ಸುಪ್ರೀತಾ ಅದನ್ನು ತಂದು ಸತ್ಯಪ್ರಕಾಶರ ಕೈಗೇ ಕೊಟ್ಟಳಂತೆ. ಅವರಿಗೆ ನೆನಪಿಲ್ಲ. ಆ ದಿನದ್ದು ನೆನಪಿರುವುದು ಒಂದೇ: ಕೆಳಗಿನ ಫ್ಲ್ಯಾಟಿನ ಇಂದಿರಮ್ಮ ಅನ್ನ ಸಾರು ತಂದಿಟ್ಟು, "ಮೊದಲು ಕೈ ತೊಳಕೊಂಡು ಬನ್ನಿ," ಎಂದು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದ್ದು.

ಕದ್ದವಳು ಸುಪ್ರೀತಾ ಎಂದು ಸತ್ಯಪ್ರಕಾಶರು ಫೋನಿನಲ್ಲಿ ಇಬ್ಬರಿಗೆ ಹೇಳಿದರು. ಕೋಪದಿಂದಲ್ಲ, ಹವಾಮಾನ ವರದಿ ಓದಿದ ಹಾಗೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ನಮ್ಮಲ್ಲೇನು ಬರವೇ? ಅಡಿಲೇಡ್‌ನದೇ ಬಡಾವಣೆ ಬ್ಲೇರ್ ಅಥಾಲ್‌ನಲ್ಲಿ ಸುಪ್ರೀತಾ ಶನಿವಾರ ನಡೆಸುತ್ತಿದ್ದ ಕನ್ನಡ ಕ್ಲಾಸಿಗೆ ಆ ವಾರ ಹತ್ತೊಂಬತ್ತು ಮಕ್ಕಳಲ್ಲಿ ಬಂದವರು ನಾಲ್ಕೇ. ತನ್ವಿ ಬ್ರಿಸ್ಬೇನ್‌ನಿಂದ ಬಂದಿಳಿದಳು. ಸೋಮವಾರ ಪೊಲೀಸ್ ಕಂಪ್ಲೇಂಟ್ ಕೊಟ್ಟೇ ಕೊಡುತ್ತೇನೆ ಎಂದಳು.

ಇಂದಿರಮ್ಮ ಗಣಿಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ಅದಿರು ಪರೀಕ್ಷೆ ಮಾಡಿ ನಿವೃತ್ತರಾದವರು. ಅಡಿಲೇಡ್ ಕನ್ನಡಿಗರಲ್ಲಿ ಏನು ಕಳೆದರೂ, ಯಾರ ಮೇಲೆ ಗುಮಾನಿ ಬಂದರೂ ಅವರ ಬಾಗಿಲು ತಟ್ಟುವುದು ರೂಢಿ. ಹಿಂದಿನ ಐದು ಕೇಸಿಗೂ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಓಡಾಡಿದವರು ಸತ್ಯಪ್ರಕಾಶರೇ. ಈ ಸಲ ಬಾಗಿಲು ತಟ್ಟಿದವಳು ಮಾತ್ರ ಸುಪ್ರೀತಾ. ಕಳ್ಳಿ ಎನ್ನಿಸಿಕೊಂಡು ಮಕ್ಕಳ ಮುಂದೆ ಹೇಗೆ ನಿಲ್ಲಲಿ ಎಂದು ಅತ್ತಳಂತೆ.

ಇಂದಿರಮ್ಮ ಮೇಲೆ ಬಂದು, ಶಶಾಂಕ್ ಆಡಿದ ಮಾತುಗಳನ್ನೆಲ್ಲ ಸತ್ಯಪ್ರಕಾಶರಿಂದ ಕೇಳಿ ತಿಳಿದು, ಕಡಗವನ್ನು ಬೆಳಕಿಗೆ ಹಿಡಿದರು. ಸೂಜಿ ಕೇಳಿ, ಕಡಗದ ಕೀಲಿನೊಳಗಿಂದ ಚಿಟಿಕೆ ಬಿಳಿ ಪುಡಿ ಕೆರೆದು, ಬೆರಳಲ್ಲಿ ಉಜ್ಜಿ ಮೂಸಿದರು. ಆರಾಧನೆಗೆ ಬೆಳ್ಳಿ ಸಾಮಾನು ತೊಳೆದವರು ಯಾರು ಎಂದು ಕೇಳಿದರು. ಯಾರೋ ತೊಳೆದಿಟ್ಟಿದ್ದರು ಎಂದರು ಸತ್ಯಪ್ರಕಾಶ್. ನೆಂಟರು ಯಾರು ಬಂದಿದ್ದರು? ಯಾರೂ ಇಲ್ಲ, ತನ್ವಿಯೂ ಬಂದದ್ದು ಮರುದಿನ ಬೆಳಗಿನ ಫ್ಲೈಟಿಗೆ. ಇಂದಿರಮ್ಮ ಒಮ್ಮೆ ಸತ್ಯಪ್ರಕಾಶರ ಮುಖ ನೋಡಿದರು. ಆಮೇಲೆ ತನ್ವಿಯ ಫೋನಿನಲ್ಲಿ ಅಮ್ಮ ಕಳಿಸಿದ್ದ ಹಳೇ ಫೋಟೋಗಳನ್ನು ಒಂದೊಂದಾಗಿ ತೆಗೆಸಿದರು. ಭಾನುವಾರ ಮೂರು ಗಂಟೆಗೆ ಎಲ್ಲರೂ ಇಲ್ಲೇ ಸೇರಲಿ ಎಂದು ಹೇಳಿ ಮೆಟ್ಟಿಲಿಳಿದರು.

ಭಾನುವಾರ, ಒಡವೆಗಳ ವ್ಯಾಪಾರ ಮುಗಿಸಲೆಂದು ಬಂದ ಶಶಾಂಕ್ ಸೋಫಾದಲ್ಲಿ ಕೂತ. ಸುಪ್ರೀತಾ ಕೂರಲಿಲ್ಲ, ಬಾಲ್ಕನಿ ಬಾಗಿಲ ಹತ್ತಿರ ನಿಂತಳು. ತನ್ವಿ ಅವಳ ಕಡೆ ತಿರುಗಿಯೂ ನೋಡಲಿಲ್ಲ.

"ಈ ಕಡಗ ಅಸಲಿ," ಎಂದರು ಇಂದಿರಮ್ಮ. ತನ್ವಿಯ ಫೋನನ್ನು ಕಡಗದ ಪಕ್ಕ ಇಟ್ಟರು. ಕೊಂಡ ದಿನ ಶಕುಂತಲಾ ಒಳಮೈಯ ಫೋಟೋ ಕಳಿಸಿದ್ದಳು. ಅಚ್ಚು ಓರೆಯಾಗಿ ಬಿದ್ದು ಹದ್ದಿನ ಎಡ ರೆಕ್ಕೆ ಅರ್ಧವೇ ಮೂಡಿತ್ತು. ಪಕ್ಕದಲ್ಲಿ ಕೊಕ್ಕೆಯಾಕಾರದ ಗೀರು. ಕಡಗದಲ್ಲೂ ಅದೇ ಅರ್ಧ ರೆಕ್ಕೆ, ಅದೇ ಗೀರು. "ಇದು ಅಸಲಿ ಅಂತ ಗೊತ್ತಿದ್ದೂ ಸುಮ್ಮನಿದ್ದವರು ಒಬ್ಬರು ಇಲ್ಲೇ ಇದ್ದಾರೆ."

"ನಾನೇನು ಅದೊಂದೇ ಬೇಕು ಅಂತ ಕೇಳಿರ್ಲಿಲ್ಲ," ಎಂದ ಶಶಾಂಕ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ. ಕಪ್ಪಿಲ್ಲದ್ದಕ್ಕೆ ಮೋಸಹೋದೆ ಎಂದು ಅವನು ತೊದಲಿದ. ಇಂದಿರಮ್ಮ ದನಿ ಏರಿಸಲಿಲ್ಲ. "ಅವತ್ತು ಹೊರಡುವಾಗ, ಯಾರೂ ಇನ್ನು ತಿಕ್ಕಬೇಡಿ ಅಂದೆಯಂತಲ್ಲಪ್ಪ. ನಕಲಿಯನ್ನ ತಿಕ್ಕಿದರೇನು, ಬಿಟ್ಟರೇನು? ಅದನ್ನ ಯಾರೋ ತಿಕ್ಕಿದ್ದಾರೆ ಅಂತ ನಿನಗೆ ಹೇಳಿದವರು ಯಾರು?" ಶಶಾಂಕ್ ಇಂಗು ತಿಂದ ಮಂಗನಂತೆ ಕೂತ. ಕಪ್ಪು ಹೋಗಿ ಬೆಲೆ ತಗ್ಗಿದರೂ ಒಳ್ಳೆಯ ಮಾಲು. ನಕಲಿ ಎಂದರೆ ಪುಕ್ಕಟೆ ಸಿಗುತ್ತದೆ ಎಂಬುದು ಅವನ ಲೆಕ್ಕಾಚಾರ. ಕಾಸು ಬಿಚ್ಚದೆ, ಕೈ ಚಾಚದೆ, ಒಂದು ಮಾತಿನಲ್ಲಿ ಕದಿಯಲು ಹೊರಟಿದ್ದ. ಬ್ಯಾಗು ಎತ್ತಿಕೊಂಡು ಹೋದ. ಯಾರೂ ತಡೆಯಲಿಲ್ಲ.

"ಹಾಗಾದರೆ ತಿಕ್ಕಿದ್ದು ಸುಪ್ರೀತಾ ಆಂಟೀನಾ?" ಎಂದು ತನ್ವಿ ಇಂಗ್ಲಿಷಿನಲ್ಲೇ ಕೇಳಿದಳು.

ಇಂದಿರಮ್ಮ ಸತ್ಯಪ್ರಕಾಶರತ್ತ ತಿರುಗಿದರು. "ಇದನ್ನ ನಿಮಗೊಬ್ಬರಿಗೇ ಹೇಳಬಹುದಿತ್ತು. ಆದರೆ ಇವಳ ಹೆಸರು ಹೋಗಿದ್ದು ಎಲ್ಲರ ಮುಂದೆ." ಕೀಲಿನಲ್ಲಿದ್ದದ್ದು ವಿಭೂತಿ. ಬೆಳ್ಳಿಯನ್ನು ಹುಣಸೆಹುಳಿ ಹಚ್ಚಿ ವಿಭೂತಿಯಲ್ಲಿ ತಿಕ್ಕುವುದು ಈ ಮನೆಯ ಪದ್ಧತಿ. ಸುಪ್ರೀತಾ ಜೈನರ ಮನೆಯವಳು, ಅವಳ ಮನೆಯಲ್ಲಿ ವಿಭೂತಿ ಇಲ್ಲ. ಕಡಗ ಈ ಮನೆಗೆ ಬಂದ ದಿನ, ಬೆಳ್ಳಿ ಸಾಮಾನು ತೊಳೆದ ದಿನ, ಎರಡೂ ಒಂದೇ. ಅಂದು ಮನೆಯಲ್ಲಿದ್ದವರು ಒಬ್ಬರೇ. "ನಾನು ಸಾರು ತಂದಾಗ ನಿಮ್ಮ ಬೆರಳೆಲ್ಲ ಕರ್ರಗಿತ್ತು. ಅದಕ್ಕೇ ಕೈ ತೊಳಕೊಳ್ಳಿ ಅಂದೆ. ಬೆಳ್ಳಿಯ ಕಪ್ಪು ಅದು, ಸತ್ಯಪ್ರಕಾಶ್."

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಸತ್ಯಪ್ರಕಾಶರ ಕಥೆ.

ಆಗ ನೆನಪು ಬಂತು, ತಡವಾಗಿ, ಮರಗಟ್ಟಿದ ಕಾಲಿಗೆ ರಕ್ತ ಹರಿದಾಗ ಮುಳ್ಳು ಚುಚ್ಚುವ ಹಾಗೆ. ನಲ್ಲಿಯ ಮುಂದೆ ತಾವು. ತಟ್ಟೆ, ದೀಪ, ಶಕುಂತಲಾಳ ಲಿಂಗದ ಕರಡಿಗೆ. ಆಮೇಲೆ ಈ ಕಡಗ. ಹಳೇ ಟೂತ್‌ಬ್ರಷ್ಷಿನಿಂದ ಹಕ್ಕಿಯ ರೆಕ್ಕೆರೆಕ್ಕೆಯ ಸಂದಿಗೂ ತಿಕ್ಕಿದ್ದರು. ಅವಳ ಸಾಮಾನು ಕೊಳಕಾಗಿರಬಾರದು ಎಂದು.

"ಒಂದ್ಸಲಾನೂ ತೊಳೀತಿರ್ಲಿಲ್ಲ ಅವಳು," ಎಂದಳು ಸುಪ್ರೀತಾ. "ನಂಗೆ ಕೊಡುವಾಗ್ಲೂ ಒರೆಸ್ಬೇಡ ಕಣೇ ಅಂದಿದ್ಲು."

ಸತ್ಯಪ್ರಕಾಶರು ಎದ್ದು ಕೈಮುಗಿದರು. ತಪ್ಪಾಯ್ತಮ್ಮ ಎನ್ನುವಷ್ಟರಲ್ಲಿ ಸುಪ್ರೀತಾ ತಡೆದಳು. "ನಂಗೆ ಹೇಳ್ಬೇಡಿ ಸತ್ಯಣ್ಣ. ನಾನು ಕದ್ದಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಬ್ಲೇರ್ ಅಥಾಲ್‌ಗೆ ಬಂದು ಹೇಳಿ." ಚಪ್ಪಲಿ ಮೆಟ್ಟಿ ಹೊರಟುಹೋದಳು. ತನ್ವಿ ಅವಳ ಹಿಂದೆಯೇ ಮೆಟ್ಟಿಲಿಳಿದು ಓಡಿದಳು.

ಬೇರೆ ಯಾರಾದರೂ ಆಗಿದ್ದರೆ ಒಂದು ಮೆಸೇಜ್ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಸತ್ಯಪ್ರಕಾಶರು ಹಾಗೆ ಮಾಡಲಿಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿ, ಶನಿವಾರ ಮಕ್ಕಳನ್ನು ಕರೆದುಕೊಂಡು ಬನ್ನಿ, ಒಂದು ಮಾತಿದೆ ಎಂದು ಬೇಡಿಕೊಂಡರು. ಹತ್ತೊಂಬತ್ತು ಮಕ್ಕಳೂ ಬಂದವು, ತಂದೆತಾಯಿ ಗೋಡೆಗೊರಗಿ ನಿಂತರು. ಸತ್ಯಪ್ರಕಾಶರು ಬೋರ್ಡಿನ ಮುಂದೆ ನಿಂತು, ಸುಪ್ರೀತಾ ಏನೂ ಕದ್ದಿಲ್ಲ, ಕಡಗ ಕೆಡಿಸಿದವನು ನಾನು, ಅವಳ ಮೇಲೆ ಸುಳ್ಳು ಹೇಳಿದವನೂ ನಾನು ಎಂದರು. ಅಷ್ಟು ಸರಾಗವಾಗಿ ಬಂತು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಕೇಳಿದಳು, ಮತ್ತೆ ನೀವ್ಯಾಕೆ ಅದನ್ನ ತೊಳೆದ್ರಿ?

"ನನ್ನ ಹೆಂಡತಿ," ಎಂದು ಶುರುಮಾಡಿದರು. ಮೂರು ತಿಂಗಳಲ್ಲಿ ಯಾರ ಎದುರೂ ಆ ವಾಕ್ಯವನ್ನು ಪೂರ್ತಿ ಮಾಡಿರಲಿಲ್ಲ. "ನನ್ನ ಹೆಂಡತಿ ಸತ್ತುಹೋದಳು, ಪುಟ್ಟಾ," ಎಂದರು. ಅಷ್ಟಕ್ಕೇ ಮಕ್ಕಳೆದುರು ಬಿಕ್ಕಿ ಬಿಕ್ಕಿ ಅತ್ತರು.

ಸುಪ್ರೀತಾ ಮಕ್ಕಳು ಕೂರುವ ಪುಟ್ಟ ಕುರ್ಚಿಯೊಂದನ್ನು ಎಳೆದು ತಂದು ಅವರ ಹಿಂದೆ ಇಟ್ಟಳು. ಅವರು ಕೂತರು. ಅವಳು ಹಾಜರಿ ಪುಸ್ತಕ ತೆಗೆದು ಒಂದೊಂದೇ ಹೆಸರು ಕೂಗತೊಡಗಿದಳು.