ಜಾಲರಿಯ ಕೆಳಗೆ ಬೆಳೆದದ್ದು

"ಅದನ್ನ ಮುಟ್ಟಬ್ಯಾಡ್ರಿ ಟೀಚರಮ್ಮಾ. ನೀರು ತಡದು ಹೋದ್ರ ಹೋಗಲಿ. ಕುದಿಯೋ ನೀರು, ಪುಡಿಗಿಡಿ ಏನೂ ಹಾಕಬ್ಯಾಡ್ರಿ."

ಬಾಡಿಗೆಗೆ ಬಂದ ಮೊದಲ ದಿನವೇ ಮನೆಯೊಡತಿ ಆದೆಮ್ಮ ಅಡುಗೆಮನೆಯ ಸಿಂಕಿನ ಮುಂದೆ ನಿಂತು ಹೀಗೆಂದಾಗ ಸಂಘಮಿತ್ರಾ ನಕ್ಕುಬಿಟ್ಟಿದ್ದಳು. ನಗದೆ ಇನ್ನೇನು ಮಾಡಿಯಾಳು? ಕಲ್ಮಲದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ನಿಂಬೆಹಣ್ಣು ಕೊಯ್ದು ರಕ್ತ ಸುರಿಸುವ ಮಾಟವನ್ನು ಮಕ್ಕಳೆದುರು ಮಾಡಿ, ಅದರ ಗುಟ್ಟನ್ನೂ ಬಿಡಿಸಿ ಹೇಳಿ ಚಪ್ಪಾಳೆ ಹೊಡೆಸಿಕೊಂಡವಳು.

"ಯವ್ವಾ, ಇದು ದೆವ್ವ ಅಲ್ಲ. ಹಳೀ ಸಾರಿನ ಜಿಡ್ಡು," ಎಂದಿದ್ದಳು.

ರಾಯಚೂರಿನ ಕೋಟೆಗೋಡೆಗೆ ಬೆನ್ನು ಹಚ್ಚಿ ನಿಂತ ಹಳೆಯ ಕಲ್ಲುಮನೆ ಅದು. ಮುಂದಿನ ಕೋಣೆಯಲ್ಲಿ ಆದೆಮ್ಮ ಒಬ್ಬಳೇ. ಪಡಸಾಲೆ ದಾಟಿದರೆ ಹಿಂದಿನ ಭಾಗದಲ್ಲಿ ಸಂಘಮಿತ್ರಾ, ಅವಳ ನಾಲ್ಕು ವರ್ಷದ ಮಗಳು ಪ್ರಜ್ಞಾ. ಗಂಡ ಕಿರಣಕುಮಾರನಿಗೆ ದೇವದುರ್ಗದಲ್ಲಿ ನೌಕರಿ, ಭಾನುವಾರವಷ್ಟೇ ಬರುತ್ತಿದ್ದ. ಈಗಿನ ಅಡುಗೆಮನೆ ಮೊದಲು ಬಚ್ಚಲಾಗಿತ್ತಂತೆ. ಆದೆಮ್ಮನ ಮಗ ಹಾಸುಗಲ್ಲಿನ ಮೇಲೆ ಟೈಲ್ಸ್ ಕೂಡಿಸಿ ಸಿಂಕು ಇಡಿಸಿದ್ದ. ಕೆಳಗಿನ ಮೋರಿ ಮಾತ್ರ ಹಳೆಯದೇ.

ಸಿಂಕಿನ ಜಾಲರಿ ಎತ್ತಿದರೆ ಅದು ಕಾಣುತ್ತಿತ್ತು. ಕಪ್ಪಗೆ, ಲೋಳೆಲೋಳೆಯಾಗಿ, ಕೊಳವೆಯ ಗೋಡೆಗೆ ಅಂಟಿ ಬೆಳೆದ ಎಳೆಗಳು. ಪಾಚಿಯೋ ಬೂಷ್ಟೋ ಇರಬೇಕೆಂದು ಅವಳು ಮೊದಲು ಅಡುಗೆ ಸೋಡಾ ಸುರಿದು ನಿಂಬೆರಸ ಹಿಂಡಿದಳು. ಬುರುಗು ಎದ್ದಿತು, ಇಳಿಯಿತು. ಎಳೆಗಳು ಮಿರಮಿರ ಮಿಂಚುತ್ತ ಅಲ್ಲೇ ಇದ್ದವು. ತಂತಿ ಬಗ್ಗಿಸಿ ಎಳೆದಳು. ಬೇರು ಬಿಟ್ಟಂತೆ ಕಚ್ಚಿಕೊಂಡವು. ಕತ್ತರಿಯಿಂದ ಕತ್ತರಿಸಿದಳು; ಬೆಳಗಾಗುವುದರೊಳಗೆ ಮತ್ತೆ ಜಾಲರಿಯ ತನಕ ಬಂದು, ಮೂರೆಳೆ ಒಂದಕ್ಕೊಂದು ಹೆಣೆದುಕೊಂಡು ನಿಂತಿದ್ದವು. ಬಗ್ಗಿ ಮೂಸಿದರೆ ಕೊಳಚೆಯ ನಾತದ ನಡುವೆ ತಲೆಗೆ ಹಚ್ಚುವ ಎಣ್ಣೆಯ ಸಣ್ಣ ಕಂಪು.

ಅವಳು ಕತ್ತರಿಸಿದ ದಿನ ಆದೆಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ. ತಲೆ ಸಿಡಿಯುತ್ತದೆಂದು ಹುಬ್ಬಿನವರೆಗೆ ಸೆರಗು ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಿಸಿಲು ಹತ್ತಿರಬೇಕೆಂದು ಸಂಘಮಿತ್ರಾ ಮಜ್ಜಿಗೆ ಕೊಟ್ಟು ಬಂದಳು.

ಒಂದು ಶನಿವಾರ ಅರ್ಧ ದಿನದ ಸಾಲಿ ಮುಗಿಸಿ ಬಂದರೆ ಸಿಂಕು ಕಪ್ಪು ನೀರಿನಿಂದ ತುಂಬಿ ನಿಂತಿತ್ತು. ಮಗಳ ತಟ್ಟೆ ಅದರಲ್ಲಿ ತೇಲುತ್ತಿತ್ತು. ಅವಳ ತಾಳ್ಮೆ ಹರಿಯಿತು. ಮಗಳನ್ನು ಆದೆಮ್ಮನ ಹತ್ತಿರ ಬಿಟ್ಟು, ಆಟೋ ಹಿಡಿದು ತೀನ್ ಕಂದೀಲ್ ಪೇಟೆಗೆ ಹೋಗಿ ಮೆಹಬೂಬ್ ಪಾಷಾನ ಅಂಗಡಿಯಲ್ಲಿ ಕಾಸ್ಟಿಕ್ ಸೋಡಾ ಕೇಳಿದಳು. ಇದನ್ನು ಹಾಕಿದರೆ ಭೂತವೂ ಕರಗಿ ಹೋಗುತ್ತದೆ ಮೇಡಮ್, ಕೈ ಜೋಪಾನ ಎಂದು ಅವನು ನಗೆಯಾಡಿ ಡಬ್ಬಿ ಕೊಟ್ಟ.

ಮನೆಗೆ ಬರುವಾಗ ಕರೆಂಟು ಹೋಗಿತ್ತು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಅಡುಗೆಮನೆಯಲ್ಲಿ ಮಾತ್ರ ಅಂಗೈಯಗಲದ ಬೆಳಕಿಂಡಿ, ಉಳಿದದ್ದೆಲ್ಲ ಹಸಿ ಕತ್ತಲು. ಪ್ರಜ್ಞಾ ಪಡಸಾಲೆಯಲ್ಲಿ ಗೊಂಬೆಗೆ ಪಾಠ ಹೇಳುತ್ತಿದ್ದಳು. ಆದೆಮ್ಮ ಮಲಗಿದ್ದಳು. ಸಂಘಮಿತ್ರಾ ಕೊಳಚೆ ನೀರನ್ನು ಮೊಗೆದು ತೆಗೆದು, ಪುಡಿಯಷ್ಟನ್ನೂ ತೂತಿಗೆ ಸುರಿದು, ಮೇಲೆ ನೀರು ಹೊಯ್ದಳು.

ಸುಂಯ್ ಎಂದಿತು. ಹೊಗೆ ಎದ್ದಿತು. ಕೂದಲು ಸುಟ್ಟ ಕಮಟು ಮೂಗಿಗೆ ಅಡರಿತು. ಅದೇ ಗಳಿಗೆಗೆ ಮುಂದಿನ ಕೋಣೆಯಿಂದ ಚೀರಾಟ, ಹಸುವಿಗೆ ಬರೆ ಎಳೆದಂತೆ.

ಎಳೆಗಳು ಮುರುಟಿದವು. ಕರಗಿದವು. ಗಟಗಟ ಗಟಗಟ ಎಂದು ನೀರು ಇಳಿದುಹೋಯಿತು.

ಒಂದು ಕ್ಷಣ ಅವಳ ಮುಖದಲ್ಲಿ ಗೆದ್ದ ನಗೆ. ಆಮೇಲೆ ತೂತಿನಿಂದ ಗಾಳಿ ಮೇಲೆ ಬಂತು. ತಣ್ಣಗೆ. ಒಮ್ಮೆ ಬಂತು, ಒಮ್ಮೆ ಒಳಗೆ ಹೋಯಿತು. ಯಾರೋ ಬಹಳ ದಿನದ ಮೇಲೆ ಉಸಿರಾಡಿದಂತೆ.

ಪಡಸಾಲೆಯಲ್ಲಿ ಪಾಠ ನಿಂತಿತು. ಕೆಮ್ಮು.

ಓಡಿದಳು. ಪ್ರಜ್ಞಾ ನೆಲಕ್ಕೆ ಕೈ ಊರಿ ಕೂತಿದ್ದಳು. ಬಾಯಿಂದ ನೀರು. ಕಪ್ಪು ನೀರು. ಸಿಂಕಿನದೇ ನಾತ. ಸುತ್ತ ಒಂದು ಹನಿ ನೀರಿಲ್ಲ, ಲೋಟವಿಲ್ಲ, ಕೊಡವಿಲ್ಲ. ಬೋರಲು ಹಾಕಿ ಬೆನ್ನು ತಟ್ಟಿದಳು. ಬಂತು. ಮತ್ತೆ ಬಂತು. ನಿಲ್ಲಲಿಲ್ಲ. ತುಟಿ ನೀಲಿಯಾಯಿತು. ಒಣ ನೆಲದ ಮೇಲೆ ಕೂಸು ಮುಳುಗುತ್ತಿತ್ತು.

ಗೋಡೆ ಹಿಡಿದು ಆದೆಮ್ಮ ಬಂದಳು. ಸೆರಗು ಜಾರಿತ್ತು. ತಲೆಯ ಮೇಲೆ ಒಂದು ಕೂದಲಿಲ್ಲ. ಬೋಳು ನೆತ್ತಿಯ ತುಂಬ ಸುಟ್ಟ ಬೊಬ್ಬೆ, ಒಡೆದು ಸುರಿಯುತ್ತಿತ್ತು.

"ಅದು ನನ್ನ ಕೂದಲ ಇತ್ತವ್ವಾ. ಪೂರಾ ಸುಟ್ಟೆಲ್ಲ." ಅವಳು ನೆಲಕ್ಕೆ ಕುಸಿದಳು. "ಕತ್ತರಿ ತಗೋ. ಹಡದಾಕಿ ಕೂದಲಕ್ಕಷ್ಟ ಆ ಮೋರಿಯಾಗಿಂದು ನಿಲ್ತದ. ಬುಡಕ್ಕ ಹಚ್ಚಿ ಕತ್ತರಿಸು, ಒಂದೆಳಿ ಉಳಸಬ್ಯಾಡ. ಆಮ್ಯಾಲ ತಲಿ ಮ್ಯಾಲ ಬೆಳ್ಯಾಂಗಿಲ್ಲ, ಅಲ್ಲೇ ಬೆಳಿತದ. ಕೊಡ್ತಿಯೇನು?"

ಸಂಘಮಿತ್ರಾ ಯಾಕೆಂದು ಕೇಳಲಿಲ್ಲ, ಯೋಚಿಸಲಿಲ್ಲ. ತನ್ನ ಜಡೆಗೆ ಕತ್ತರಿ ಹಾಕಿದಳು. ಕಿವಿ ಕೊಯ್ಯಿತು. ನೆತ್ತಿ ಕೊಯ್ಯಿತು. ರಕ್ತದಲ್ಲಿ ತೊಯ್ದ ಜಡೆಯನ್ನು ತಂದು ತೂತಿಗೆ ತುರುಕಿದಳು. ಒಳಗಿನಿಂದ ಯಾವುದೋ ಅದನ್ನು ಎಳೆದುಕೊಂಡಿತು. ನುಂಗಿದಂತೆ. ಗುಟುಕು. ಗುಟುಕು. ಬೆರಳು ಹೋಗುವುದರೊಳಗೆ ಕೈ ಕಿತ್ತುಕೊಂಡಳು.

ಗಾಳಿ ನಿಂತಿತು. ಪಡಸಾಲೆಯಲ್ಲಿ ಮಗು ಉಸಿರೆಳೆದು ಅತ್ತಿತು.

ಸಂಜೆ, ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗಿದ ಆದೆಮ್ಮ ಉಳಿದದ್ದನ್ನು ಹೇಳಿದಳು. ಆಸ್ಪತ್ರೆಗೆ ಹೋಗೋಣವೆಂದು ಸಂಘಮಿತ್ರಾ ಎಷ್ಟು ಬೇಡಿಕೊಂಡರೂ ಹೊಸ್ತಿಲು ದಾಟಲು ಒಪ್ಪಲಿಲ್ಲ. ಹಿಂದೆ ಮಕ್ಕಳಾಗದ ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಬಚ್ಚಲ ಮೋರಿಯಲ್ಲಿ ಮಾಟದ ಗೊಂಬೆ ಹೂಳಿಸಿದ್ದಳು. ಆದೆಮ್ಮನ ಎರಡು ಕೂಸುಗಳು ಒಣ ಅಂಗಳದಲ್ಲಿ ಮುಳುಗಿ ಸತ್ತವು. ದೇವದುರ್ಗದ ಮಂತ್ರವಾದಿ ಮಹಾಂತಯ್ಯನಿಗೂ ಆ ಮಾಟ ಕೀಳಲಾಗಲಿಲ್ಲ. ತಾಯಿಯ ಕೂದಲಿಟ್ಟು ಮುಚ್ಚಿಸಿದ. ಹಾಗಾಗಿ ಮೂರನೆಯವನು ಬದುಕಿದ. ಅವನಿಗೂ ಅವಳು ಹೇಳಿರಲಿಲ್ಲ. ಹಾಗಾದರೆ ಮಗು ಇದ್ದವರಿಗೆ ಯಾಕೆ ಮನೆ ಕೊಟ್ಟೆ ಎಂದು ಸಂಘಮಿತ್ರಾ ಕೇಳಿದಾಗ ಆದೆಮ್ಮ ಗೋಡೆಯ ಕಡೆ ಹೊರಳಿದಳು. ಮನೆಯಲ್ಲಿ ಕೂಸಿನ ದನಿ ಕೇಳಬೇಕು ಅನ್ನಿಸಿತು ಎಂದಳು. ಆ ವಾರದಲ್ಲೇ ತೀರಿಕೊಂಡಳು. ಮಾನ್ವಿಯಿಂದ ಮಗ ಬಂದು ಮಣ್ಣು ಮಾಡಿ ಹೋದ.

ತಲೆಗೆ ಸೆರಗು ಹೊದ್ದು ಸಾಲಿಗೆ ಹೋಗತೊಡಗಿದ ಸಂಘಮಿತ್ರಾ, ಜ್ವರಕ್ಕೆ ಕೂದಲು ಉದುರಿತೆಂದು ಎಲ್ಲರಿಗೂ ಹೇಳಿದಳು. ಬಾಗಲವಾಡದಿಂದ ಅವಳವ್ವ ಬಂದು ಅತ್ತು ಹೋದಳು. ಎಷ್ಟೋ ದಿನದಿಂದ ಕಾದಿದ್ದ ದೇವದುರ್ಗದ ವರ್ಗಾವಣೆ ಬಂದಾಗ ಅವಳು ಒಲ್ಲೆಂದಳು. ತಾನು ಬಿಟ್ಟುಹೋದರೆ ಮುಂದೆ ಬಂದವರು ತೂತು ತೊಳೆಯದೆ ಇರುತ್ತಾರೆಯೇ? ಕಿರಣಕುಮಾರ ಜಗಳ ತೆಗೆದ. ಕಾರಣ ಕೇಳಿದ. ಅವಳು ಹೇಳಲಿಲ್ಲ, ತಾನು ನಕ್ಕ ಹಾಗೆಯೇ ಅವನೂ ನಗುತ್ತಾನೆಂದು ಗೊತ್ತಿತ್ತು.

ಭಾನುವಾರ ಊಟವಾದ ಮೇಲೆ, ಸಿಟ್ಟು ಇಳಿದಿತ್ತೋ ಏನೋ, ತಟ್ಟೆ ತೊಳೆಯುತ್ತೇನೆಂದು ಅವನೇ ಒಳಗೆ ಹೋದ. ಸಂಘಮಿತ್ರಾ ಪಡಸಾಲೆಯಲ್ಲಿ ಮಗಳ ತಲೆ ಬಾಚುತ್ತಿದ್ದಳು. ಅಡುಗೆಮನೆಯಿಂದ ಅವನ ದನಿ ಕೇಳಿತು.

"ಈ ಮನಿ ಬಿಡಂಗಿಲ್ಲ ಅಂದ್ರ ಇದನ್ನಾರ ಸ್ವಚ್ಛ ಮಾಡಬಾರದೇನು? ಎಷ್ಟು ಬೆಳದದ ನೋಡಿಲ್ಲಿ. ತಡಿ, ಕೈಗೆ ಸುತ್ತಿ ಎಳೀತೀನಿ."

ಬೇಡ ಎನ್ನಲು ಅವಳು ಬಾಯಿ ತೆರೆದಳು. ಬೋಳು ನೆತ್ತಿ ಬುಡಸಮೇತ ಹಿಂದಕ್ಕೆ ಜಗ್ಗಿತು. ಹಣಿಗೆ ಕೈಯಿಂದ ಬಿತ್ತು.

ಮಡಿಲಲ್ಲಿ ಪ್ರಜ್ಞಾ ಸಣ್ಣಗೆ ಕೆಮ್ಮಿದಳು.